ಕೌದಿಯ ನಡು ಉಬ್ಬುವುದೇಕೆ? ಆರು ಜನ ಒಂದು ದಿನ ಕೂತರೆ ಎಷ್ಟು ಹೊಲಿಯಬಹುದು?

ಪ್ರಶ್ನೆ: ನಾವು ಶಿರಸಿ, ಕುಮಟಾ ಕಡೆಯ ಆರು ಗೆಳತಿಯರು. ಹೋದ ವರ್ಷ ಒಂದು ಭಾನುವಾರ ಒಟ್ಟಿಗೆ ಕೂತು ಹಳೇ ಸೀರೆಗಳಿಂದ ಐದು ಅಡಿ ಅಗಲ, ಏಳು ಅಡಿ ಉದ್ದದ ಕೌದಿ ಹೊಲಿಯಲು ಹೊರಟೆವು. ಮೇಲಿನ ತುಂಡುಗಳನ್ನೆಲ್ಲ ಮೊದಲೇ ಮಶೀನಿನಲ್ಲಿ ಜೋಡಿಸಿಟ್ಟುಕೊಂಡಿದ್ದೆವು. ಸುತ್ತ ಕೂತು ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬಂದೆವು. ಸಂಜೆಯಾದರೂ ಅರ್ಧ ಆಗಲಿಲ್ಲ. ಆಮೇಲೆ ಹೇಗೋ ಮುಗಿಸಿದರೆ ನಡುವೆ ದೊಡ್ಡ ಉಬ್ಬು, ಅಂಚಿನಲ್ಲಿ ನೆರಿಗೆ. ಮೊದಲ ಒಗೆತಕ್ಕೇ ಕೆಂಪು ಬಣ್ಣ ಬಿಟ್ಟಿತು. ಈ ಡಿಸೆಂಬರಿನಲ್ಲಿ ಮತ್ತೆ ಕೂರಬೇಕೆಂದಿದ್ದೇವೆ, ಈ ಸಲ ಗೆಳತಿಯ ಮೊಮ್ಮಗುವಿಗಾಗಿ. ಬಟ್ಟೆ, ದಾರ ಎಷ್ಟು ಬೇಕು? ಒಂದೇ ದಿನದಲ್ಲಿ ಮುಗಿಸುವುದು ಹೇಗೆ? ಹಳೆಯದನ್ನು ಸರಿಮಾಡಲು ಬರುತ್ತದೆಯೇ?

ಉತ್ತರ: ನಿಮ್ಮ ಕೈಯಲ್ಲಿ ದೋಷವಿಲ್ಲ, ಕ್ರಮದಲ್ಲಿದೆ. ಎರಡು ಬೇರೆ ಬೇರೆ ಪದ್ಧತಿಗಳನ್ನು ನೀವು ಬೆರೆಸಿದ್ದೀರಿ. ಒಂದೊಂದೂ ತನ್ನಷ್ಟಕ್ಕೆ ಸರಿ, ಕೂಡಿಸಿದರೆ ಉಬ್ಬು ಖಚಿತ.

ಮೊದಲನೆಯದು, ಮೇಲ್ಪದರವನ್ನು ಪೂರ್ತಿ ಜೋಡಿಸಿಕೊಂಡು, ಅಡಿಬಟ್ಟೆ ಮತ್ತು ಒಳಪದರದ ಮೇಲೆ ಹಾಸಿ ಹೊಲಿಯುವುದು. ಇಲ್ಲಿ ಮೂರೂ ಪದರ ಒಂದೊಂದು ಇಡೀ ಹಾಳೆ. ಸೂಜಿ ಮುಂದೆ ಹೋದಂತೆಲ್ಲ ಮೇಲಿನ ಬಟ್ಟೆಯನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳುತ್ತದೆ. ಒಂದು ಸಾಲಿಗೆ ಇದು ಗೊತ್ತಾಗುವುದಿಲ್ಲ, ಮೂವತ್ತು ಸಾಲಿಗೆ ಗೊತ್ತಾಗುತ್ತದೆ. ಅದಕ್ಕೇ ಈ ಪದ್ಧತಿಯಲ್ಲಿ ನಡುವಿನಿಂದ ಶುರುಮಾಡಿ ಹೊರಕ್ಕೆ ಬರಬೇಕು. ತಳ್ಳಿಕೊಂಡು ಬಂದ ಸಡಿಲವೆಲ್ಲ ಅಂಚಿನಲ್ಲಿ ಹೊರಬೀಳುತ್ತದೆ, ಕತ್ತರಿಸಿ ಅಂಚು ಮಡಿಸಿದರೆ ಆಯಿತು. ನೀವು ಅಂಚನ್ನು ಮೊದಲು ಭದ್ರ ಮಾಡಿ ಒಳಗೆ ಬಂದಿರಿ. ಆರೂ ಕಡೆಯಿಂದ ಬಂದ ಸಡಿಲಕ್ಕೆ ಹೋಗಲು ದಾರಿಯಿಲ್ಲ, ನಡುವೆ ಎದ್ದು ನಿಂತಿತು.

ಎರಡನೆಯದು ನಮ್ಮ ಉತ್ತರ ಕನ್ನಡ ಜಿಲ್ಲೆಯದೇ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಕವಂದಿ ಎಂದು ಕರೆದು ಹೊಲಿಯುವುದು ಹೀಗೆ. ಅವರು ಮೇಲ್ಪದರವನ್ನು ಮೊದಲು ಜೋಡಿಸುವುದೇ ಇಲ್ಲ. ಅಡಿಬಟ್ಟೆಯ ಒಂದು ಮೂಲೆಯಿಂದ ಶುರುಮಾಡಿ, ಒಂದು ತುಂಡು ಇಟ್ಟು ಹೊಲಿದು, ಅದರ ಪಕ್ಕಕ್ಕೆ ಇನ್ನೊಂದು ಇಟ್ಟು, ಸುತ್ತು ಸುತ್ತಾಗಿ ಒಳಕ್ಕೆ ಬರುತ್ತಾರೆ. ಅಂಚಿನಿಂದ ಒಳಗೆ ಬಂದರೂ ಉಬ್ಬುವುದಿಲ್ಲ, ಏಕೆಂದರೆ ಮೇಲ್ಪದರ ಎನ್ನುವುದು ಹೊಲಿದಷ್ಟೇ ಇರುತ್ತದೆ. ಮುಂದಕ್ಕೆ ತಳ್ಳಲು ಅಲ್ಲಿ ಬಟ್ಟೆಯೇ ಇಲ್ಲ. ಮುಂದಿನ ತುಂಡನ್ನು ಜಾಗ ನೋಡಿಕೊಂಡೇ ಇಡುವುದರಿಂದ ಸಣ್ಣಪುಟ್ಟ ಓರೆಕೋರೆ ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಅಡಿಬಟ್ಟೆ ಮತ್ತು ಒಳಪದರವನ್ನು ಮಾತ್ರ ಆಗಾಗ ಸವರಿಕೊಳ್ಳಬೇಕು.

ಗುಂಪಾಗಿ ಕೂತು ಹೊಲಿಯಲು ಎರಡನೆಯದೇ ಮೇಲು. ನಡುವಿನಿಂದ ಹೊರಕ್ಕೆ ಬರುವ ಪದ್ಧತಿಯಲ್ಲಿ ಮೊದಲ ಒಂದು ಗಂಟೆ ನಡುವಿನ ಗೇಣಗಲ ಜಾಗಕ್ಕೆ ಇಬ್ಬರ ಕೈ ಮಾತ್ರ ಎಟಕುತ್ತದೆ, ಉಳಿದ ನಾಲ್ವರು ಚಹಾ ಕುಡಿಯುತ್ತ ಕೂರಬೇಕು. ಅಂಚಿನಿಂದ ಶುರುಮಾಡಿದರೆ ಬೆಳಗ್ಗೆ ಎಲ್ಲರಿಗೂ ಕೆಲಸ, ಸಂಜೆಗೆ ಒಬ್ಬೊಬ್ಬರೇ ಏಳಬಹುದು. ಕುಮಟಾಕ್ಕೆ ಕೊನೇ ಬಸ್ಸು ಹಿಡಿಯುವವರಿಗೂ ಅದೇ ಅನುಕೂಲ.

ಈಗ ಲೆಕ್ಕ. ಕೌದಿಯ ಕೆಲಸವನ್ನು ಅಡಿಯಲ್ಲಿ ಅಳೆಯಬೇಡಿ, ಹೊಲಿಗೆ ಸಾಲಿನ ಉದ್ದದಲ್ಲಿ ಅಳೆಯಿರಿ. ಸಾಲಿನಿಂದ ಸಾಲಿಗೆ ಒಂದು ಬೆರಳಗಲ, ಅಂದರೆ ಸುಮಾರು 2 ಸೆಂ.ಮೀ. ಬಿಟ್ಟರೆ ಒಂದು ಚದರ ಮೀಟರಿಗೆ 50 ಮೀಟರ್ ಸಾಲು ಬೀಳುತ್ತದೆ. ನಿಮ್ಮ ಐದು–ಏಳು ಅಡಿಯ ಕೌದಿ ಹೆಚ್ಚುಕಮ್ಮಿ 1.5 ಮೀ. ಅಗಲ, 2.1 ಮೀ. ಉದ್ದ. ಅಂದರೆ 3.15 ಚದರ ಮೀಟರ್, 157 ಮೀಟರ್ ಸಾಲು. ನಾಲ್ಕು ಪದರ ಬಟ್ಟೆಯಲ್ಲಿ ರೂಢಿಯಿಲ್ಲದ ಕೈ ಗಂಟೆಗೆ ಎರಡು ಮೂರು ಮೀಟರ್ ಹೊಲಿಯುತ್ತದೆ, ರೂಢಿಯಿದ್ದವರು ನಾಲ್ಕೈದು. ಮಾತು, ನಗು, ದಾರ ಪೋಣಿಸುವುದು ಎಲ್ಲ ಸೇರಿ ತಲೆಗೆ ಮೂರು ಮೀಟರ್ ಹಿಡಿಯಿರಿ. ಆರು ಜನ ಗಂಟೆಗೆ 18 ಮೀಟರ್. 157 ಮೀಟರಿಗೆ ಒಂಬತ್ತು ಗಂಟೆ, ಅದೂ ಕೊನೆತನಕ ಆರೂ ಜನಕ್ಕೆ ಜಾಗ ಸಿಕ್ಕರೆ. ಬೆಳಗ್ಗೆ ಒಂಬತ್ತೂವರೆಗೆ ಕೂತು ಐದಕ್ಕೆ ಏಳುವ ದಿನದಲ್ಲಿ ಊಟ, ಕಷಾಯ ಕಳೆದರೆ ಸೂಜಿ ನಡೆಯುವುದು ಐದೂವರೆ ಗಂಟೆ. ಅರ್ಧವೂ ಆಗಲಿಲ್ಲ ಎಂದರೆ ನೀವು ನಿಧಾನ ಎಂದೇನಲ್ಲ, ಅದು ಎರಡು ದಿನದ ಕೆಲಸ.

ಮಗುವಿನ ಕೌದಿಗೆ 90 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದ ಇಟ್ಟುಕೊಳ್ಳಿ. 54 ಮೀಟರ್ ಸಾಲು. ಆರು ಜನಕ್ಕೆ ಲೆಕ್ಕದಲ್ಲಿ ಮೂರು ಗಂಟೆ. ನಡು ಕಿರಿದಾದಂತೆ ಕೈಗಳು ಕಡಿಮೆಯಾಗುವುದರಿಂದ ನಾಲ್ಕೂವರೆ ಎನ್ನಿ. ದಿನದೊಳಗೆ ಮುಗಿದು, ಮೂಲೆಗೆ ಹೂವು ಇಡಲೂ ಹೊತ್ತು ಉಳಿಯುತ್ತದೆ. ಇದರ ಸುತ್ತಳತೆ 4.2 ಮೀಟರ್. ಮೊಣಕೈ ತಾಗದೆ ಹೊಲಿಯಲು ಒಬ್ಬರಿಗೆ 60–70 ಸೆಂ.ಮೀ. ಬೇಕು, ಹಾಗಾಗಿ ಆರು ಜನ ಸರಿಯಾಗಿ ಕೂರುತ್ತಾರೆ. ಏಳನೆಯವರು ಬಂದರೆ ತುಂಡು ಕತ್ತರಿಸಲು ಕೂರಿಸಿ.

ಬಟ್ಟೆಯ ಲೆಕ್ಕ ಇನ್ನೂ ಸುಲಭ. ಐದೂವರೆ ಮೀಟರಿನ, 1.15 ಮೀ. ಅಗಲದ ಒಂದು ಹತ್ತಿ ಸೀರೆಯನ್ನು 1.3 ಮೀಟರಿನ ನಾಲ್ಕು ತುಂಡು ಮಾಡಿದರೆ ಒಂದು ಅಡಿಬಟ್ಟೆ, ಎರಡು ಒಳಪದರ, ಮೇಲಿನ ತುಂಡುಗಳಿಗೆ ಒಂದು ಪಾಲು ಸಿಗುತ್ತದೆ. ಹಳೇ ಸೀರೆ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ ಎಂಬುದನ್ನು ಮರೆಯಬೇಡಿ. ಕೂತು ಎದ್ದು ಸವೆದ ಭಾಗ ಬೆಳಕಿಗೆ ಹಿಡಿದರೆ ಜಾಳಾಗಿ ಕಾಣುತ್ತದೆ. ಎರಡೂ ಹೆಬ್ಬೆರಳಿನಲ್ಲಿ ಹಿಡಿದು ಎಳೆಯಿರಿ. ಬಿಚ್ಚಿಕೊಂಡರೆ ಅದು ಒಳಪದರಕ್ಕೆ, ತಡೆದರೆ ಅಡಿಗೆ ಇಲ್ಲವೇ ಮೇಲಕ್ಕೆ. ಸೆರಗಿನ ಕಡೆಯ ಬಟ್ಟೆ ಸಾಮಾನ್ಯವಾಗಿ ಗಟ್ಟಿ. ಆದ್ದರಿಂದ ಕೈಯಲ್ಲಿ ಎರಡು ಸೀರೆ ಇರಲಿ, ಜೊತೆಗೆ ಬಣ್ಣ ಬಣ್ಣದ ರವಿಕೆ ಕಣ, ಲಂಗ, ಅಂಗಿಯ ಚೂರುಗಳ ಒಂದು ಚೀಲ. ದೊಡ್ಡ ಕೌದಿಗಾದರೆ ಮೂರು ಸೀರೆ ಬೇಕು. ಒಂದೂವರೆ ಮೀಟರ್ ಅಗಲಕ್ಕೆ ಸೀರೆಯ ಪನ್ನ ಸಾಲದು, ಅಡಿಬಟ್ಟೆಗೆ ಉದ್ದಕ್ಕೆ ಒಂದು ಜೋಡು ಬರುತ್ತದೆ. ಆ ಜೋಡಿಗೆ ಮಶೀನು ಹಾಕಿ, ಅಡ್ಡಿಯಿಲ್ಲ.

ಎಷ್ಟು ಒಳಪದರ ಎನ್ನುವುದು ಊರಿನ ಚಳಿಯ ಮೇಲೆ ಹೋಗುತ್ತದೆ. ಶಿರಸಿ, ಸಿದ್ದಾಪುರದ ಡಿಸೆಂಬರಿಗೆ ಎರಡು ಬೇಕು. ಕುಮಟಾ, ಕಾರವಾರಕ್ಕೆ ಒಂದು ಸಾಕು, ಎರಡಾದರೆ ರಾತ್ರಿ ಒದ್ದು ಹಾಕುತ್ತಾರೆ. ಮೂರಾದರೆ ಸೂಜಿಯೂ ನಡೆಯುವುದಿಲ್ಲ, ಒಗೆದದ್ದು ಒಣಗುವುದೂ ಇಲ್ಲ. ಅಂಗಡಿಯ ಪಾಲಿಯೆಸ್ಟರ್ ಅರಳೆ, ಸ್ಪಂಜಿನ ಹಾಳೆ, ಹಳೇ ಉಣ್ಣೆ ಕಂಬಳಿ ಒಳಗೆ ಬೇಡ.

ಬಟ್ಟೆಯ ಆಯ್ಕೆಯಲ್ಲಿ ಕಟ್ಟುನಿಟ್ಟಾಗಿರಿ. ಗೆಳತಿಯರು ಪ್ರೀತಿಯಿಂದ ತಂದ ಎಲ್ಲ ಬಟ್ಟೆಯೂ ಕೌದಿಗೆ ಸಲ್ಲುವುದಿಲ್ಲ. ಪಾಲಿಯೆಸ್ಟರ್ ಕುಗ್ಗುವುದಿಲ್ಲ, ಹತ್ತಿ ಕುಗ್ಗುತ್ತದೆ. ಎರಡನ್ನೂ ಅಕ್ಕಪಕ್ಕ ಹೊಲಿದರೆ ಮೂರನೇ ಒಗೆತಕ್ಕೆ ಹತ್ತಿಯ ತುಂಡು ಬಿಗಿದು, ಪಾಲಿಯೆಸ್ಟರ್ ಗುಳ್ಳೆ ಏಳುತ್ತದೆ. ಅನುಮಾನವಿದ್ದರೆ ಒಂದೆರಡು ಎಳೆ ಕಿತ್ತು ಸುಡಿ: ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಟೀ ಶರ್ಟಿನ ಬಟ್ಟೆ ಹಿಗ್ಗುತ್ತದೆ, ಬೇಡ. ಜೀನ್ಸ್ ಬೇಡ. ಒತ್ತಾದ ನೇಯ್ಗೆಯ ಹೊಸ ಬೆಡ್‌ಶೀಟನ್ನು ಅಡಿಬಟ್ಟೆ ಮಾಡುವವರು ಮಧ್ಯಾಹ್ನದ ಹೊತ್ತಿಗೆ ಪಶ್ಚಾತ್ತಾಪ ಪಡುತ್ತಾರೆ, ಸೂಜಿ ಅದರೊಳಗೆ ಇಳಿಯುವುದೇ ಕಷ್ಟ. ಹಳೇ ಪಂಚೆ ಒಳಪದರಕ್ಕೆ ಬಲು ಚೆನ್ನ. ಜರಿ ಅಂಚನ್ನು ಬಿಡಿಸಿ ತೆಗೆಯಿರಿ. ಮಗುವಿನ ಮೈಗೆ ಚುಚ್ಚುತ್ತದೆ, ಕಡಲ ಗಾಳಿಗೆ ಕಪ್ಪೂ ಆಗುತ್ತದೆ.

ಬಣ್ಣದ ವಿಚಾರ. ಹಳೇ ಬಟ್ಟೆ ಬಣ್ಣ ಬಿಡುವುದಿಲ್ಲ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ವರ್ಷಕ್ಕೆರಡು ಸಲ ಮಾತ್ರ ಉಟ್ಟು ಪೆಟ್ಟಿಗೆಯಲ್ಲಿಟ್ಟ ಸೀರೆ ವಯಸ್ಸಿನಲ್ಲಿ ಹಳೆಯದು, ಒಗೆತದಲ್ಲಿ ಹೊಸದೇ. ಕೆಂಪು, ಕಡುನೀಲಿ, ಕಪ್ಪು, ಕಡುಹಸಿರು ಈ ನಾಲ್ಕನ್ನೂ ಪರೀಕ್ಷಿಸದೆ ಸೇರಿಸಬೇಡಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಿಳಿ ಬಟ್ಟೆಯನ್ನು ಅದರ ಮೇಲೆ ಇಪ್ಪತ್ತು ಸಲ ಒತ್ತಿ ಉಜ್ಜಿ. ಬಿಳಿಗೆ ಬಣ್ಣ ಹತ್ತಿದರೆ ಆ ತುಂಡನ್ನು ಬಿಸಿನೀರು, ಸೋಪಿನ ಪುಡಿಯಲ್ಲಿ ಬೇರೆಯಾಗಿ ಒಗೆಯಿರಿ, ನೀರು ತಿಳಿಯಾಗುವ ತನಕ. ಐದಾರು ನೀರಿಗೂ ತಿಳಿಯಾಗದಿದ್ದರೆ ಅದು ಕೈಒರೆಸುವ ಬಟ್ಟೆಯಾಗಲಿ. ಉಪ್ಪಿನ ನೀರಿನಲ್ಲಿ, ವಿನೆಗರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಹೇಳುವವರು ಬಹಳ. ಬಣ್ಣ ಹಾಕುವಾಗ ಉಪ್ಪಿಗೆ ಕೆಲಸವಿದೆ, ಹಾಕಿ ಮುಗಿದ ಹತ್ತಿ ಬಟ್ಟೆಯಲ್ಲಿ ಸಡಿಲಾಗಿ ಕೂತ ಬಣ್ಣವನ್ನು ಅದು ಹಿಡಿದು ನಿಲ್ಲಿಸುವುದಿಲ್ಲ. ಸಡಿಲ ಬಣ್ಣ ಹೊರಗೆ ಹೋಗಬೇಕು, ಅಷ್ಟೇ ದಾರಿ.

ಇದೆಲ್ಲ ಮುಗಿದಿರಬೇಕಾದದ್ದು ಹೊಲಿಯುವ ದಿನಕ್ಕೆ ಒಂದು ವಾರ ಮೊದಲು. ಗಂಜಿ ಹಾಕಿದ ಬಟ್ಟೆಯಾದರೆ ಗಂಜಿ ಪೂರ್ತಿ ಹೋಗಲಿ. ಉಳಿದ ಗಂಜಿಗೆ ಜಿರಲೆ, ಬೆಳ್ಳಿಹುಳ ಬರುತ್ತವೆ. ಹೊಸ ಬಟ್ಟೆಯ ಚೂರುಗಳನ್ನೂ ಒಮ್ಮೆ ನೆನೆಸಿ ಒಣಗಿಸಿ, ಕುಗ್ಗುವುದು ಈಗಲೇ ಕುಗ್ಗಲಿ. ಆಮೇಲೆ ಎಲ್ಲಕ್ಕೂ ಇಸ್ತ್ರಿ. ಆರು ಜನ ಆರು ಮನೆಯಲ್ಲಿ ಈ ಕೆಲಸ ಹಂಚಿಕೊಂಡು, ಒಗೆದು ಇಸ್ತ್ರಿ ಮಾಡಿದ ಬಟ್ಟೆಯನ್ನೇ ತಂದರೆ ದಿನ ಉಳಿಯುತ್ತದೆ. ಹೊಲಿಯುವ ದಿನ ಬೆಳಗ್ಗೆ ಬಕೆಟ್ಟು ಹಿಡಿದರೆ ಆ ದಿನ ಹೋದಂತೆಯೇ.

ದಾರ ಹತ್ತಿಯದೇ ಇರಲಿ, ದಪ್ಪದ್ದು. ಮಶೀನಿನ ಪಾಲಿಯೆಸ್ಟರ್ ದಾರ ತೆಳ್ಳಗೆ, ಬಲು ಗಟ್ಟಿ. ಹಳೇ ಹತ್ತಿ ಮೆತ್ತಗೆ. ಎಳೆದಾಟದಲ್ಲಿ ದಾರ ಉಳಿದು ಬಟ್ಟೆ ಕೊಯ್ದುಹೋಗುತ್ತದೆ. ಕಿತ್ತುಹೋದ ದಾರವನ್ನು ಮತ್ತೆ ಹೊಲಿಯಬಹುದು, ಕೊಯ್ದ ಬಟ್ಟೆಗೆ ತೇಪೆಯೇ ಗತಿ. ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತ ಮುಂದೆ ಸಾಗುವ ಓಡು ಹೊಲಿಗೆಗೆ ಸಾಲಿನ ಉದ್ದಕ್ಕಿಂತ ಐದರಲ್ಲೊಂದು ಪಾಲು ಹೆಚ್ಚು ದಾರ ಬೇಕು, ಎರಡೆಳೆ ಪೋಣಿಸಿದರೆ ಅದರ ಇಮ್ಮಡಿ, ತುದಿಗಳ ನಷ್ಟ ಬೇರೆ. ಮಗುವಿನ ಕೌದಿಗೆ 160 ಮೀಟರ್, ದೊಡ್ಡದಕ್ಕೆ 450 ಮೀಟರ್ ಇಟ್ಟುಕೊಂಡರೆ ನಡುವೆ ಪೇಟೆಗೆ ಓಡುವುದು ತಪ್ಪುತ್ತದೆ. ಎರಡೆಳೆ ಮಾಡಿದ ಮೇಲೆ ಮೊಳಕ್ಕಿಂತ ಸ್ವಲ್ಪ ಉದ್ದ, 60 ಸೆಂ.ಮೀ. ಇದ್ದರೆ ಸಾಕು. ಉದ್ದ ದಾರ ಪೋಣಿಸಿದರೆ ಮತ್ತೆ ಮತ್ತೆ ಪೋಣಿಸುವುದು ತಪ್ಪುತ್ತದೆ ಎಂದು ಅನ್ನಿಸುತ್ತದೆ. ಆದರೆ ಅದು ಗಂಟಾಗುತ್ತದೆ, ಬಟ್ಟೆಯಲ್ಲಿ ನೂರಾರು ಸಲ ತೂರಿ ಕೊನೆಗೆ ಬರುವಷ್ಟರಲ್ಲಿ ನಾರು ಬಿಟ್ಟಿರುತ್ತದೆ. ತುಡುವೆ ಜೇನಿನ ಮೇಣ ಶಿರಸಿಯಲ್ಲಿ ಸಿಗದ ವಸ್ತುವೇನಲ್ಲ. ದಾರವನ್ನು ಒಂದು ಸಲ ಅದರ ಮೇಲೆ ಎಳೆದು ಬೆರಳಲ್ಲಿ ತೀಡಿಕೊಂಡರೆ ಗಂಟು ಕಡಿಮೆ.

ಗೋಣಿ ಹೊಲಿಯುವ ದಬ್ಬಣ ಹಳೇ ಸೀರೆಗೆ ತೂತು ಉಳಿಸುತ್ತದೆ. ನಾಲ್ಕರಿಂದ ನಾಲ್ಕೂವರೆ ಸೆಂ.ಮೀ. ಉದ್ದದ, ಕಣ್ಣು ಉದ್ದವಿರುವ ಕೈಸೂಜಿ ತನ್ನಿ. ನಡುಬೆರಳಿಗೆ ಅಂಗುಸ್ತಾನ, ಅಂದರೆ ಸೂಜಿ ತಳ್ಳಲು ಬೆರಳ ತುದಿಗೆ ಹಾಕುವ ಟೊಪ್ಪಿ. ಕರಾವಳಿಯ ಸೆಕೆಗೆ ಬೆರಳು ಬೆವರಿ ಸೂಜಿ ಜಾರುತ್ತದೆ, ಹಳೇ ಬಲೂನಿನ ಚೂರನ್ನು ಹೆಬ್ಬೆರಳು–ತೋರುಬೆರಳ ನಡುವೆ ಹಿಡಿದು ಎಳೆದರೆ ಸಲೀಸು. ಇನ್ನೊಂದು ಮಾತು, ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ: ಬೆಳಗ್ಗೆ ಸೂಜಿ ಎಣಿಸಿ ಕೊಡಿ, ಸಂಜೆ ಎಣಿಸಿ ವಾಪಸ್ ಪಡೆಯಿರಿ. ಮುರಿದರೆ ಎರಡೂ ತುಂಡು ಸಿಗಲೇಬೇಕು. ಕೊನೆಗೆ ಒಂದು ಅಯಸ್ಕಾಂತವನ್ನು ಕೌದಿಯ ಎರಡೂ ಬದಿಗೆ ನಿಧಾನ ಆಡಿಸಿ. ಆರು ಜನ ಹರಟುತ್ತ ಹೊಲಿದ ಕೌದಿಯ ಮೇಲೆ ಹೊರಳಾಡುವುದು ಒಂದು ಕೂಸು.

ಜಾಗ ಜಗುಲಿಯೇ ಸರಿ, ಬೆಳಕು ಎಡದಿಂದ ಬರುವಂತಿರಲಿ. ಅಡಿಕೆ ತೋಟದ ಮನೆಗಳ ಒಳಕೋಣೆಯಲ್ಲಿ ಡಿಸೆಂಬರಿನ ಮಧ್ಯಾಹ್ನ ನಾಲ್ಕಕ್ಕೇ ಕತ್ತಲೆ. ಚಾಪೆಯ ಮೇಲೆ ಹಾಸಿದರೆ ಸೂಜಿ ತುದಿ ಚಾಪೆಗೆ ಸಿಕ್ಕಿ ಮೊಂಡಾಗುತ್ತದೆ, ಜಮಖಾನದ ಮೇಲಾದರೆ ಕೌದಿಯನ್ನು ಜಮಖಾನಕ್ಕೇ ಹೊಲಿದುಬಿಡುತ್ತೀರಿ. ಬರೀ ನೆಲ ಒಳ್ಳೆಯದು. ಕೆಂಪು ಗಾರೆಯ ನೆಲಕ್ಕೆ ಹೊಸದಾಗಿ ಪಾಲಿಶ್ ಹಾಕಿದ್ದರೆ ಮಾತ್ರ ಜೋಪಾನ, ಅಡಿಬಟ್ಟೆ ಗುಲಾಬಿಯಾಗುತ್ತದೆ. ಅಂಗಳದಲ್ಲಿ ಕೂರೋಣ ಎಂದರೆ ಅದು ಅಡಿಕೆ ಕೊಯ್ಲಿನ ಕಾಲ. ಅಡಿಕೆ ಚೊಗರಿನ ಕಲೆ ಬಟ್ಟೆಯಿಂದ ಹೋಗುವುದು ಸುಳ್ಳು. ಅದೇ ದಿನ ಅಡಿಕೆ ಸುಲಿದ ಕೈಗೆ ಬಿಳಿ ಬಟ್ಟೆ ಕೊಡಬೇಡಿ. ಕರಾವಳಿಯಲ್ಲಿ ಬೇಸಿಗೆಗೆ ಇಟ್ಟುಕೊಂಡರೆ ಗೇರುಹಣ್ಣಿನ ರಸಕ್ಕೂ ಇದೇ ಮಾತು. ತಿಂಡಿ, ಮುರುಗಲ ಪಾನಕ ಎಲ್ಲ ಇನ್ನೊಂದು ಕೋಣೆಯಲ್ಲಿ ಆಗಲಿ.

ಇನ್ನು ಹೊಲಿಗೆ. 1 ಮೀ. ಅಗಲ, 1.3 ಮೀ. ಉದ್ದದ ಅಡಿಬಟ್ಟೆಯನ್ನು ಕೆಟ್ಟ ಮಗ್ಗುಲು ಮೇಲೆ ಬರುವಂತೆ ಹಾಸಿ. ಅದರ ಮೇಲೆ ಒಳಪದರಗಳನ್ನು 89 ಸೆಂ.ಮೀ., 119 ಸೆಂ.ಮೀ. ಕತ್ತರಿಸಿ ನಡುವಿಗೆ ಇಡಿ. ಅಡಿಬಟ್ಟೆಯ ಸುತ್ತಲಿನ ಐದು ಸೆಂ.ಮೀ. ಅಂಚನ್ನು ಒಳಪದರದ ಮೇಲಕ್ಕೆ ಮಡಿಸಿ ಬೆರಳುಗುರಿನಿಂದ ತೀಡಿ. ಮೂಲೆಗಳಲ್ಲಿ ಮೊದಲು ತುದಿಯನ್ನು ಒಳಕ್ಕೆ ಮಡಿಸಿ, ಆಮೇಲೆ ಎರಡು ಬದಿಯನ್ನು ಮಡಿಸಿದರೆ ಓರೆ ಗೆರೆ ಬರುತ್ತದೆ, ದಪ್ಪವಾಗುವುದಿಲ್ಲ. ಅಡಿಬಟ್ಟೆ, ಒಳಪದರ ಮಾತ್ರ ಹಿಡಿಯುವಂತೆ ಗೇಣಿಗೊಂದರಂತೆ ಉದ್ದ ಟಾಕಿನ ಕಚ್ಚಾ ಹೊಲಿಗೆ ಹಾಕಿ. ಕವಂದಿ ಹೊಲಿದು ರೂಢಿಯಾದ ಕೈಗೆ ಇದು ಬೇಕಿಲ್ಲ. ಆರು ಜನ ಹೊಸಬರಿಗೆ ಬೇಕು. ಗುಂಡುಪಿನ್ನು ಬೇಡ: ಕೂತಾಗ ಚುಚ್ಚುತ್ತದೆ, ಕೆಲಸ ಮುಗಿಯದೆ ಬಿಟ್ಟಿಟ್ಟರೆ ಕಾರವಾರದ ಉಪ್ಪುಗಾಳಿಗೆ ತುಕ್ಕಿನ ಚುಕ್ಕೆ ಬಿಡುತ್ತದೆ.

ಮೇಲಿನ ತುಂಡುಗಳು ಎಲ್ಲ ಒಂದೇ ಅಳತೆ ಇರಬೇಕಿಲ್ಲ. ಗೇಣಿಗಿಂತ ದೊಡ್ಡದು, ನಾಲ್ಕು ಬೆರಳಿಗಿಂತ ಚಿಕ್ಕದು ಬೇಡ. ಮೂಲೆಯ ಮೊದಲ ತುಂಡನ್ನು ತೆಗೆದುಕೊಳ್ಳಿ. ಹೊರಗಿನ ಎರಡು ಬದಿಯನ್ನು ಒಂದು ಸೆಂ.ಮೀ. ಒಳಕ್ಕೆ ಮಡಿಸಿ, ಆ ಮಡಿಕೆ ಅಡಿಬಟ್ಟೆಯ ಮಡಿಕೆಗೆ ಸಮವಾಗಿ ಬರುವಂತೆ ಇಡಿ. ಒಳಗಿನ ಎರಡು ಬದಿ ಹಾಗೇ ಹಸಿಯಾಗಿ, ಅಂದರೆ ಮಡಿಸದೆ, ಇರಲಿ. ಅಂಚಿನಿಂದ ಅರ್ಧ ಸೆಂ.ಮೀ. ಒಳಗೆ ಮೊದಲ ಸಾಲು. ತುಂಡಿನ ಕೊನೆಗೆ ಎರಡು ಬೆರಳಷ್ಟು ದೂರ ಇರುವಾಗ ಸೂಜಿ ನಿಲ್ಲಿಸಿ, ಎರಡನೇ ತುಂಡನ್ನು ಇಡಿ. ಅದರ ಬದಿ ಒಂದು ಸೆಂ.ಮೀ. ಮಡಿಸಿ, ಮೊದಲನೆಯದರ ಹಸಿ ಅಂಚಿನ ಮೇಲೆ ಒಂದೂವರೆ ಸೆಂ.ಮೀ. ಹತ್ತಿ ಕೂರಬೇಕು. ಇದಕ್ಕಿಂತ ಕಡಿಮೆಯಾದರೆ ಮೊದಲ ಚಳಿಗಾಲದಲ್ಲೇ ನಡುವಿನಿಂದ ದಾರ ಇಣುಕುತ್ತದೆ. ಹೀಗೆ ನಾಲ್ಕೂ ಬದಿ ತುಂಡು ಕೂತ ಮೇಲೆ ಒಳಗಿನ ಸಾಲುಗಳು, ಆಮೇಲೆ ಎರಡನೇ ಸುತ್ತಿನ ತುಂಡುಗಳು, ಮತ್ತೆ ಹಾಗೇ. ಟಾಕು ಅರ್ಧ ಸೆಂ.ಮೀ., ಮೇಲೆ ಕಂಡಷ್ಟೇ ಕೆಳಗೂ ಕಾಣಬೇಕು. ಒಂದು ಸಲಕ್ಕೆ ಮೂರು ನಾಲ್ಕು ಟಾಕು ಸೂಜಿಗೆ ಏರಿಸಿ ಎಳೆದರೆ ಸಾಲು ನೇರ ಬರುತ್ತದೆ.

ಎಲ್ಲರೂ ಒಂದೇ ದಿಕ್ಕಿಗೆ ಹೊಲಿಯಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಹೊರಗೆ ಕೂತು ನಡುವನ್ನು ನೋಡುತ್ತ ಬಲಗೈಯಲ್ಲಿ ಹೊಲಿಯುವವರು ಬಲದಿಂದ ಎಡಕ್ಕೆ ಸಾಗುತ್ತಾರೆ. ಮೇಲಿನಿಂದ ನೋಡಿದರೆ ಅದು ಪ್ರದಕ್ಷಿಣೆಯ ದಿಕ್ಕು. ಇಬ್ಬರು ಎದುರುಬದುರು ಹೊಲಿಯುತ್ತ ಬಂದರೆ ಇಬ್ಬರೂ ತಳ್ಳಿಕೊಂಡು ಬಂದ ಬಟ್ಟೆ ಸೇರುವಲ್ಲಿ ಮಡಿಕೆ ನಿಲ್ಲುತ್ತದೆ. ನಿಮ್ಮ ಅಂಚಿನ ನೆರಿಗೆಗೆ ಇದೇ ಕಾರಣವಿರಬಹುದು. ಗುಂಪಿನಲ್ಲಿ ಎಡಗೈಯವರಿದ್ದರೆ ಅವರದು ಅಪ್ರದಕ್ಷಿಣೆ. ತುಂಡು ಮಡಿಸಿ ತೀಡಿ ಕೊಡುವ ಕೆಲಸ, ಮೂಲೆಯ ಹೂವು ಅವರಿಗಿರಲಿ. ಅದೇನೂ ಕಡಿಮೆ ಕೆಲಸವಲ್ಲ, ಆರು ಸೂಜಿಗೆ ತುಂಡು ಒದಗಿಸುವವರಿಗೆ ಬಿಡುವೇ ಇರುವುದಿಲ್ಲ.

ನೆರಿಗೆಗೆ ಇನ್ನೊಂದು ಕಾರಣ ದಾರದ ಬಿಗಿ. ಆರು ಕೈಗೆ ಆರು ಬಿಗಿ. ಒಬ್ಬರು ಹೂ ಕಟ್ಟಿದಂತೆ ಎಳೆದು ಕಟ್ಟುತ್ತಾರೆ, ಇನ್ನೊಬ್ಬರದು ಬೆರಳು ತೂರುವಷ್ಟು ಸಡಿಲ. ಅರ್ಧ ಮೀಟರ್ ಹೊಲಿದ ಮೇಲೆ ಸಾಲಿನ ಎರಡು ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಬಟ್ಟೆ ಪೂರ್ತಿ ಚಪ್ಪಟೆಯಾಗುವಷ್ಟು ದಾರ ಒಳಗಿದ್ದರೆ ಸರಿ. ದಾರ ಮೊದಲು ಬಿಗಿದರೆ ಕೊನೆಯ ಟಾಕಿನಿಂದ ಹಿಂದಕ್ಕೆ ಸೂಜಿ ಮೊನೆಯಲ್ಲಿ ಎಬ್ಬಿಸಿ ಸಡಿಲಿಸಿ. ಗಂಟೆಗೊಮ್ಮೆ ಜಾಗ ಬದಲಿಸಿ ಕೂತರೆ ಬಿಗಿ ಕೈಯ ಸಾಲುಗಳೆಲ್ಲ ಒಂದೇ ಬದಿಗೆ ಬೀಳುವುದಿಲ್ಲ, ಕೌದಿ ಓರೆಯಾಗುವುದಿಲ್ಲ. ನಿಮ್ಮಲ್ಲಿ ಕೈ ತೀರ ಪಳಗದವರನ್ನು ಅಂಚಿನ ಮೊದಲ ಸಾಲಿಗೆ ಕೂರಿಸಬೇಡಿ, ಮೂರನೇ ಸಾಲಿನಿಂದ ಅವರು ಬರಲಿ.

ಗಂಟು ಮೇಲೆ ಕಾಣಬಾರದು. ಅಂದಕ್ಕಲ್ಲ, ಮೇಲಿದ್ದ ಗಂಟು ಕಲ್ಲಿಗೆ ಉಜ್ಜಿ ಮೊದಲು ಹೋಗುತ್ತದೆ, ಅದರ ಹಿಂದೆ ಇಡೀ ಸಾಲು. ಶುರುವಿನ ಗಂಟನ್ನು ತುಂಡಿನ ಅಡಿಯಲ್ಲಿ ಅಡಗಿಸಿ. ಮುಗಿಸುವಾಗ ಅದೇ ಜಾಗದಲ್ಲಿ ಎರಡು ಹಿಂಟಾಕು (ಸೂಜಿಯನ್ನು ಹಿಂದಕ್ಕೆ ತಂದು ಹಾಕುವ ಟಾಕು) ಹಾಕಿ, ಸೂಜಿಯನ್ನು ಪದರಗಳ ನಡುವೆಯೇ ಮೂರು ಸೆಂ.ಮೀ. ಓಡಿಸಿ ಹೊರತೆಗೆದು ಕತ್ತರಿಸಿ.

ಮಧ್ಯಾಹ್ನ ಮೂರರ ಹೊತ್ತಿಗೆ ನಡುವೆ ಒಂದು ಮೊಳದಷ್ಟು ಜಾಗ ಉಳಿಯುತ್ತದೆ. ಇಲ್ಲಿ ಅವಸರ ಬೇಡ. ಕಚ್ಚಾ ಹೊಲಿಗೆ ಬಿಚ್ಚಿ, ಕೌದಿ ತಿರುಗಿಸಿ ಅಡಿಬಟ್ಟೆ ನೋಡಿ. ಚೂರು ಸಡಿಲವಿದ್ದರೆ ಅಂಗೈಯಿಂದ ಎಲ್ಲ ಕಡೆಗೂ ಹಂಚಿ, ಒಂದೇ ಕಡೆ ತಳ್ಳಬೇಡಿ. ಬೆರಳಗಲಕ್ಕಿಂತ ಹೆಚ್ಚಿದ್ದರೆ ಸಣ್ಣ ಮಡಿಕೆ ಹಾಕಿ ಅಲ್ಲೇ ಟಾಕಿಬಿಡಿ, ಸಾಲುಗಳು ಅದರ ಮೇಲೇ ಹೋಗುತ್ತವೆ. ಕೊನೆಯ ತುಂಡಿಗೆ ಮಾತ್ರ ನಾಲ್ಕೂ ಬದಿ ಮಡಿಕೆ. ಸುತ್ತಲಿನ ಎಲ್ಲ ಹಸಿ ಅಂಚನ್ನೂ ಅದು ಮುಚ್ಚಬೇಕು. ಈ ಹೊತ್ತಿಗೆ ಇಬ್ಬರು ಸಾಕು. ಉಳಿದವರು ಹೂವಿಗೆ ಕೂರಲಿ.

ಸಿದ್ದಿಯರು ನಾಲ್ಕು ಮೂಲೆಗೆ ಇಡುವ ಹೂವಿಗೆ ಫುಲಾ ಎನ್ನುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಮುಗಿದ ಕವಂದಿಯಲ್ಲ. ಎಂಟು ಸೆಂ.ಮೀ. ಚೌಕದ ಮೂರು ನಾಲ್ಕು ಬಣ್ಣದ ಚೂರುಗಳನ್ನು ಕರ್ಣಕ್ಕೆ ಎರಡು ಸಲ ಮಡಿಸಿ, ಒಂದರ ಮೇಲೊಂದು ತುಸು ತುಸು ಸರಿಸಿ ಜೋಡಿಸಿ ಮೂಲೆಗೆ ಹೊಲಿಯಿರಿ. ಮಗುವಿನ ಕೌದಿಯಲ್ಲಿ ಇದು ಬಾಯಿಗೆ ಹೋಗುವುದು ನಿಶ್ಚಿತ, ಬುಡಕ್ಕೆ ಮೂರು ಸುತ್ತು ಹೊಲಿಗೆ ಹಾಕಿ. ಕನ್ನಡಿ, ಗುಂಡಿ, ಮಣಿ ಬೇಡ. ಒಂದು ವರ್ಷ ತುಂಬುವ ತನಕ ಮಲಗಿದ ಕೂಸಿಗೆ ಕೌದಿ ಹೊದೆಸಬಾರದು, ತೊಟ್ಟಿಲಿಗೂ ಹಾಕಬಾರದು. ಎಚ್ಚರವಿದ್ದಾಗ ನೆಲಕ್ಕೆ ಹಾಸಿ ಆಡಿಸಲಿ.

ಹಳೆಯ ಕೌದಿಯನ್ನು ಬಿಸಾಡಬೇಡಿ, ಅದು ರಿಪೇರಿಯಾಗುತ್ತದೆ. ಉಬ್ಬನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಚಿವುಟಿ ಹಿಡಿದು ಯಾವ ಪದರ ಸಡಿಲ ಎಂದು ನೋಡಿ. ನಿಮ್ಮದರಲ್ಲಿ ಮೇಲ್ಪದರವೇ ಇರಬೇಕು. ಉಬ್ಬಿನ ಸುತ್ತ ಒಂದೂವರೆ ಗೇಣು ಜಾಗದ ಹೊಲಿಗೆಯನ್ನು ಬಿಚ್ಚಿ. ಮೇಲಿನ ಮಶೀನ್ ಜೋಡೊಂದನ್ನು ಅಲ್ಲೇ ಬಿಡಿಸಿ, ಹೆಚ್ಚಾದ ಬಟ್ಟೆಯನ್ನು ಒಂದರ ಮೇಲೊಂದು ಹತ್ತಿಸಿ ಚಪ್ಪಟೆ ಮಾಡಿ ಟಾಕಿ. ಅದರ ಮೇಲೆ ನಾಲ್ಕೂ ಬದಿ ಮಡಿಸಿದ ಒಂದು ತುಂಡು ಇಟ್ಟು ಹೊಲಿಯಿರಿ. ಕೌದಿಯಲ್ಲಿ ತೇಪೆ ಯಾರ ಕಣ್ಣಿಗೂ ತೇಪೆಯಾಗಿ ಕಾಣುವುದಿಲ್ಲ. ಅಂಚಿನ ನೆರಿಗೆಗೆ ಹೊರಗಿನ ಎರಡು ಸಾಲನ್ನು ಬಿಚ್ಚಿ ಸಡಿಲವಾಗಿ ಮತ್ತೆ ಹೊಲಿದರೆ ಸಾಕು. ಕೆಂಪು ಹತ್ತಿದ್ದು ಒಮ್ಮೆ ಒಣಗಿಬಿಟ್ಟಿದೆ, ಪೂರ್ತಿ ಹೋಗಲಾರದು. ಬಿಸಿನೀರು, ಸೋಪಿನ ಪುಡಿಯಲ್ಲಿ ರಾತ್ರಿಯಿಡೀ ನೆನೆಸಿ ನೋಡಿ. ಇನ್ನು ಮುಂದೆ ಯಾವ ಕೌದಿ ಬಣ್ಣ ಬಿಟ್ಟರೂ ಒಣಗಲು ಬಿಡದೆ ಕೂಡಲೇ ಹೆಚ್ಚು ನೀರಿಗೆ ಹಾಕಬೇಕು, ಹತ್ತಿದ ಬಣ್ಣ ಹಸಿಯಲ್ಲಿ ಬಿಡುವಷ್ಟು ಒಣಗಿದ ಮೇಲೆ ಬಿಡುವುದಿಲ್ಲ.

ಒಗೆಯುವುದು ವರ್ಷಕ್ಕೆ ಎರಡು ಸಲ ಇರಲಿ, ಮಳೆಗೆ ಮುಂಚೆ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ. ಅಂಟುವಾಳದ ನೀರಿನಲ್ಲಿ ನೆನೆಸಿ ಕೈಯಿಂದ ಒತ್ತಿ ತೆಗೆಯಿರಿ, ಕಲ್ಲಿಗೆ ಬಡಿಯಬೇಡಿ, ತಿರುಚಿ ಹಿಂಡಬೇಡಿ. ಒಂದೇ ಹಗ್ಗದ ಮೇಲೆ ಹಾಕಿದರೆ ನೀರಿನ ಭಾರವೆಲ್ಲ ನಡುವಿನ ಒಂದು ಸಾಲಿಗೆ ಬಿದ್ದು ದಾರ ಹರಿಯುತ್ತದೆ. ಒಂದು ಮೊಳ ಅಂತರದಲ್ಲಿ ಎರಡು ಬಿದಿರು ಗಳ ಕಟ್ಟಿ, ಎರಡರ ಮೇಲೂ ಹರಡಿ. ಜೂನಿನಿಂದ ಸೆಪ್ಟೆಂಬರ್ ತನಕ ನೀರಿಗೆ ಹಾಕುವುದೇ ಬೇಡ. ಮೇಲೆ ಒಣಗಿದಂತೆ ಕಂಡರೂ ಒಳಪದರ ಹಸಿಯೇ ಇದ್ದು ಕರಿ ಬೂಸ್ಟು ಬರುತ್ತದೆ, ಆ ಚುಕ್ಕೆ ಹೋಗುವುದಿಲ್ಲ. ಮಳೆಗಾಲದಲ್ಲಿ ಕೌದಿಯನ್ನು ಒಂದು ಶುಚಿಯಾದ ಒಣ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ, ನಡುನಡುವೆ ಒಣ ಲಕ್ಕಿ ಸೊಪ್ಪು ಇಟ್ಟು ಮರದ ಪೆಟ್ಟಿಗೆಯಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗಿನ ತೇವ ಒಳಗೇ ಉಳಿಯುತ್ತದೆ. ನಡುವೆ ಬಿಸಿಲು ಬಿದ್ದ ದಿನ ಒಂದೆರಡು ಗಂಟೆ ಹೊರಗೆ ಹಾಕಿ, ಮಡಿಸುವಾಗ ಹೋದ ಸಲದ ಮಡಿಕೆ ಬಿಟ್ಟು ಬೇರೆ ಕಡೆ ಮಡಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟ ಕೌದಿ ಆ ಗೆರೆಯಲ್ಲೇ ಮೊದಲು ಹರಿಯುತ್ತದೆ.